ಆಂಟೆನಾ ಭಾವನ ಮನೆಯ ಚೌಕಳಿ ಚಿತ್ರ

“ಟೀವಿ ಕೆಟ್ಟೋಗಿದೆ ಅಂತ ಯಾರೂ ನನಗೆ ಹೇಳ್ಬೇಡಿ. ಟೀವಿ ಪಾಪದ್ದು. ಅದರ ಬಾಯಿಗೆ ಏನು ಹಾಕ್ತೀರೋ ಅದನ್ನೇ ಮಾತಾಡತ್ತೆ. ಮೊದಲು ಅದರ ಬೆನ್ನ ಕಡೆ ಹೋಗಿ. ವಯರು ಸಿಕ್ಕಿಸಿದ್ದೀರಲ್ಲ, ಅದನ್ನ ಕಿತ್ತು ನೋಡಿ. ನಡುವಿನ ತಾಮ್ರದ ಕಡ್ಡಿ ಹೊಳೀತಾ ಇದ್ಯಾ, ಹಸಿರು ಹಿಡಿದಿದ್ಯಾ? ಹಿಡಿದಿದ್ರೆ ಕತ್ತರಿಸಿ ಹೊಸದಾಗಿ ಸುಲೀರಿ. ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ಹೋಗಿ ಆ ಕಡ್ಡಿಗೆ ತಗುಲಿದ್ರೂ ಸಾಕು, ಕಥೆ ಮುಗೀತು. ಆಮೇಲೆ ವಯರಿನ ಉದ್ದಕ್ಕೂ ಕೈಯಾಡಿಸ್ಕೊಂಡು ಹೋಗಿ. ಎಲ್ಲಿ ಬಾಗಿಲ ಸಂದಿಗೆ ಸಿಕ್ಕಿ ನಜ್ಜುಗುಜ್ಜಾಗಿದೆ, ಎಲ್ಲಿ ಇಲಿ ಬಾಯಿ ಹಾಕಿದೆ, ನಿಮ್ಮ ಬೆರಳೇ ಹೇಳತ್ತೆ. ಹಿಂದಿನ ಟೀವಿ ಒಳ್ಳೇದಿತ್ತು ಕಣ್ರೀ, ಕಾಯಿಲೆ ಬರೋ ಮೊದಲೇ ಕೆಮ್ತಿತ್ತು. ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ ಬರ್ತಿತ್ತು, ಒಬ್ಬ ಮನುಷ್ಯ ಇಬ್ಬರಾಗ್ತಿದ್ದ, ಆದರೂ ನಾವು ನೋಡ್ತಿದ್ವಿ. ಈಗಿನದು ಡಿಜಿಟಲ್ಲು. ಇದಕ್ಕೆ ಸ್ವಾಭಿಮಾನ ಜಾಸ್ತಿ. ಸರಿ ಇದ್ರೆ ಕನ್ನಡಿ, ಒಂಚೂರು ಮುನಿಸ್ಕೊಂಡ್ರೆ ಚೌಕ ಚೌಕ, ಇನ್ನೂ ಒಂಚೂರಿಗೆ ಕತ್ತಲೆ. ಅದಕ್ಕೇ ಹೇಳೋದು, ಮೊದಲು ಕೂತು ನೋಡಿ, ಆಮೇಲೆ ನಿಂತು ನೋಡಿ, ಏಣಿ ಹತ್ತೋದು ಕಟ್ಟಕಡೆಗೆ. ನೀವೆಲ್ಲ ಮೊದಲೇ ಹತ್ತಿಬಿಡ್ತೀರಿ, ಆಂಟೆನಾದ ಕಿವಿ ಹಿಂಡಿ ಕೆಳಗಿಳೀತೀರಿ. ಅದೇನು ಮಾಡಿತ್ತು ನಿಮಗೆ?”

ನನ್ನ ಭಾವ ಈ ಮಾತುಗಳನ್ನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾಗ, ಅವರ ಬೆನ್ನ ಹಿಂದೆ ಅವರದೇ ಟೀವಿ ಚೌಕ ಚೌಕವಾಗಿ ಒಡೆದು ನಿಂತಿತ್ತು. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

“ರೀ, ಊರಿಗೆಲ್ಲ ಬುದ್ಧಿ ಹೇಳಿದ್ದಾದ ಮೇಲೆ ಇಲ್ಲಿ ಸ್ವಲ್ಪ ನೋಡಿ. ವಾರ್ತೆ ಓದೋಳ ಮೂಗು ಕಿವಿ ಹತ್ರ ಹೋಗಿದೆ. ತಂದು ಜಾಗಕ್ಕೆ ಹಾಕಿ.”

ಭಾವ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, “ಮೆಲ್ಲಗೆ ಕಣೇ, ಕೇಳಿಸ್ಕೊಂಡಾರು” ಎಂದರು.

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಆಂಟೆನಾದವರು ಎಂದೇ ಕರೆಯುವುದು. ನನಗೆ ಅವರು ಅಕ್ಕನ ಗಂಡ, ಭಾವ. ಅವರ ಮನೆ ಮೇಲಿನದು, ನನ್ನ ಕೋಣೆ ಅದರ ನೇರ ಕೆಳಗಿನದು. ನನ್ನ ತಲೆಯೆಲ್ಲ ಬೆಳ್ಳಗಾಗಿದ್ದರೂ ಅವರ ಬಾಯಲ್ಲಿ ನಾನು ಇವತ್ತಿಗೂ ಪುಟ್ಟಿಯೇ. ಅವರು ನಮ್ಮ ಮನೆಗೆ ಮೊದಲು ಬಂದಾಗ ನಾನು ಪುಟ್ಟಿಯೇ ಆಗಿದ್ದೆ ಎನ್ನುವುದೂ ನಿಜ.

ಆಗ ಅವರು ಸೈಕಲ್ಲಿನ ಪಕ್ಕಕ್ಕೆ ಏಣಿ ಕಟ್ಟಿಕೊಂಡು ಬರುತ್ತಿದ್ದರು. ದೂರದಿಂದ ನೋಡಿದರೆ ಏಣಿಯೇ ತಾನಾಗಿ ಉರುಳಿಕೊಂಡು ಬಂದಂತೆ ಕಾಣುತ್ತಿತ್ತು. ಟವರು ಬೆಟ್ಟದ ಆಚೆಗಿತ್ತು. ಅಷ್ಟು ದೂರದಿಂದ ಸೋತು ಸುಣ್ಣವಾಗಿ ಬರುತ್ತಿದ್ದ ಅಲೆಯನ್ನು ಹಿಡಿದು ಮನೆಯೊಳಗೆ ತರುವುದು ಅವರ ಕಸುಬು. ಉದ್ದ ಕಂಬ, ದೊಡ್ಡ ಆಂಟೆನಾ, ಅದಕ್ಕೊಂದು ಬೂಸ್ಟರು. ಅಂದರೆ ಬಂದ ಅಲೆಗೆ ಬಲ ತುಂಬಿ ಟೀವಿಗೆ ಕಳಿಸುವ ಪುಟ್ಟ ಡಬ್ಬಿ. ಅಂಗಡಿಯ ಡಬ್ಬಿ ಸಾಲದೆಂದು ಭಾವ ತಾವೇ ಬಿಸ್ಕತ್ತಿನ ತಗಡಿನೊಳಗೆ ಬೂಸ್ಟರು ಕಟ್ಟುತ್ತಿದ್ದರು. ಅವರು ಕಟ್ಟಿದ ತಗಡಿನ ಡಬ್ಬಿ ಇಲ್ಲದ ಮನೆ ನಮ್ಮ ಸುತ್ತಮುತ್ತ ಕಡಿಮೆ.

ನಮ್ಮ ಮನೆಗೆ ಬಂದ ದಿನ ಅವರು ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸುತ್ತಿದ್ದರು. ಚಿತ್ರ ಹೇಗಿದೆ ಎಂದು ಕಿಟಕಿಯಿಂದ ಕೂಗಿ ಹೇಳುವ ಕೆಲಸ ಅಕ್ಕನದು. ನಾನು ಟೀವಿಯ ಮುಂದೆ ಕೂತಿದ್ದೆ.

“ಬಂತಾ?” ಎಂದು ಮೇಲಿನಿಂದ ದನಿ.

ಬಂದಿತ್ತು. ತೊಳೆದಿಟ್ಟ ಹಾಗೆ ಬಂದಿತ್ತು. ಅಕ್ಕ ಒಮ್ಮೆ ಟೀವಿ ನೋಡಿದಳು, ಒಮ್ಮೆ ಮಾಳಿಗೆ ನೋಡಿದಳು, “ಹೋಯ್ತು!” ಎಂದು ಕೂಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಾಲು ನನ್ನ ಕಾಲನ್ನು ಮೆಟ್ಟಿತು. ಆ ಬಿಸಿಲಲ್ಲಿ ಪಾಪದ ಮನುಷ್ಯ ಊಟದ ಹೊತ್ತಿನವರೆಗೂ ಸರಿಯಾಗಿಯೇ ಇದ್ದ ಆಂಟೆನಾವನ್ನು ತಿರುಗಿಸುತ್ತ ನಿಂತರು. ಮರುವಾರ, ಇನ್ನೊಮ್ಮೆ ನೋಡಿ ಹೋಗುತ್ತೇನೆಂದು ಕರೆಯದೆಯೇ ಬಂದರು. ಮುಂದಿನದು ಎರಡೂ ಮನೆಯವರು ಮಾತಾಡಿ ಮುಗಿಸಿದ್ದು. ಅಕ್ಕ ತನ್ನ ಕಿತಾಪತಿಯನ್ನು ಮದುವೆಯಾದ ಎಷ್ಟೋ ದಿನಕ್ಕೆ ಹೇಳಿದಳಂತೆ. “ಅವತ್ತು ನನ್ನ ಬೆನ್ನು ಸುಟ್ಟಿದ್ದಕ್ಕೆ ಒಂದಲ್ಲ ಒಂದು ದಿನ ಸೇಡು ತೀರಿಸ್ಕೋತೀನಿ” ಎಂದು ಭಾವ ಆಗಾಗ ಹಲ್ಲು ಕಡಿಯುವುದಿತ್ತು, ನಗುತ್ತಲೇ.

ಜೀವಮಾನವಿಡೀ ಏಣಿ ಹತ್ತಿದವರು ಬಿದ್ದದ್ದು ಬಸ್ಸಿನ ಮೆಟ್ಟಿಲಿನಿಂದ. ಸೊಂಟದ ಮೂಳೆಗೆ ಪೆಟ್ಟಾಯಿತು. ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಡಾಕ್ಟರು, ಏಣಿಯ ಮಾತೆತ್ತಬೇಡಿ ಎಂದರು. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಭಾವನ ಮಗಳು ಕೈಯಲ್ಲಿ ಮಾಡಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮಾತು ಕಡಿಮೆ, ಹಟ ಅಪ್ಪನದೇ. ಏಣಿಯನ್ನು ಮೆಟ್ಟಿಲ ಕೆಳಗಿನ ಕಂಬಿಗೆ ಸರಪಳಿ ಹಾಕಿ ಬಿಗಿದು, ಬೀಗದ ಕೈಯನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಭಾವ ಸುಮ್ಮನಿರುವವರೇ? ಪಕ್ಕದ ಮನೆಯ ಬಣ್ಣದ ಕೆಲಸದವನಿಂದ ಮಾಳಿಗೆಯ ಎತ್ತರದ ಕಂಬವನ್ನು ತೆಗೆಸಿ, ಆಂಟೆನಾವನ್ನು ಅಲ್ಲೇ ಬಟ್ಟೆ ಒಣಗಿಸುವ ಹಗ್ಗದ ಕಂಬಕ್ಕೇ ಕಟ್ಟಿಸಿದರು. ಅಲ್ಲಾದರೆ ಏಣಿಯಿಲ್ಲದೆ, ಮಾಳಿಗೆಯಲ್ಲಿ ನಿಂತೇ ಕೈಗೆಟುಕುತ್ತದೆ. ಆದರೆ ಅಷ್ಟು ಕೆಳಗೆ ಬಂದ ಮೇಲೆ ಅಲೆ ಸಾಲುವುದಿಲ್ಲ ಎನ್ನುವುದು ಅವರ ಲೆಕ್ಕ. ಟೀವಿಯ ಹಿಂದೆ ಮೊದಲಿನಿಂದ ಇದ್ದ ತಗಡಿನ ಡಬ್ಬಿಯ ಜೊತೆಗೆ ಅಂಗಡಿಯದೊಂದು ಹೊಸ ಡಬ್ಬಿಯನ್ನೂ ಸಿಕ್ಕಿಸಿದರು. ಚೌಕಗಳು ಶುರುವಾದದ್ದು ಅದಾದ ಮೇಲೆಯೇ. ಹಾಗೆಂದು ಅವರಿಗೆ ಹೇಳುವವರು ಯಾರು?

ಅಷ್ಟರಲ್ಲಿ ಆಸ್ಪತ್ರೆಯ ನರ್ಸುಗಳ ಹಾಸ್ಟೆಲ್ಲಿನ ಮೇಡಂ ಫೋನು ಮಾಡಿದರು. ಅಲ್ಲಿನ ಯಾವ ಕೋಣೆಯಲ್ಲೂ ಟೀವಿ ನೆಟ್ಟಗೆ ಬರುತ್ತಿಲ್ಲ, ಎಲ್ಲವನ್ನೂ ನೋಡಿ ಸರಿಮಾಡಿ, ಮುಂದೆಯೂ ನೋಡಿಕೊಳ್ಳಲು ಒಬ್ಬರು ಬೇಕು ಎಂದರು. “ನೀವು ಬಿದ್ದಿರಿ ಅಂತ ಕೇಳಿದೆ. ಭಾನುವಾರ ನಾನೇ ನಿಮ್ಮ ಮನೆಗೆ ಬಂದು ಮಾತಾಡ್ತೀನಿ” ಎಂದೂ ಹೇಳಿದರಂತೆ. ಮಾತಾಡುತ್ತೇನೆ ಎಂದರೆ ನೋಡುತ್ತೇನೆ ಎಂದೇ ಅರ್ಥ. ಈ ಮನುಷ್ಯನಿಗೆ ಇನ್ನೂ ಕೈಲಾಗುತ್ತದೆಯೇ ಎಂದು.

ಮಗಳು ಅನ್ನ ಕಲಸುತ್ತಲೇ ಅಂದಳು, “ಬರಲಿ. ಮನೇಲೇ ಟೀವಿ ಒಡೆದ ಕನ್ನಡಿ ಥರ ಇದೆ. ಅದನ್ನ ನೋಡ್ಕೊಂಡು ಹೋಗಲಿ.”

“ಭಾನುವಾರದೊಳಗೆ ಸರಿಯಾಗತ್ತೆ.”

“ಆಗದಿದ್ರೆ?”

“ಆಗದಿದ್ರೆ ನಿನ್ನ ಏಣೀನ ಗುಜರಿಯವನಿಗೆ ಕೊಟ್ಬಿಡು” ಎಂದು ಭಾವ ತಟ್ಟೆ ಬಿಟ್ಟು ಎದ್ದರು.

ಆ ದಿನ ಸಂಜೆ ಮೆಟ್ಟಿಲ ಮೇಲೆ ಸಿಕ್ಕರು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಪುಟ್ಟಿ, ಹಾಸ್ಟೆಲ್‌ನಲ್ಲಿ ಏಣಿ ಹತ್ತೋಕೆ ವಾಚ್‌ಮನ್ ಇದ್ದಾನೆ. ನಾನು ಕೆಳಗೆ ನಿಂತು ಹೇಳಿದ್ರೆ ಸಾಕು. ಆ ಕೆಲಸ ಒಂದು ಸಿಕ್ಕಿದ್ರೆ ನಾನು ಇನ್ನೂ ಆಂಟೆನಾದವನು. ಕೈ ತಪ್ಪಿತೋ, ಇನ್ಯಾರೂ ಕರೆಯಲ್ಲ. ಆಮೇಲೆ ನಾನು ಬರೀ ಟೀವಿ ನೋಡೋ ಮುದುಕ.”

“ನೋಡೋಕಾದ್ರೂ ಟೀವಿ ಬರಬೇಕಲ್ಲ ಭಾವ” ಎಂದೆ. ಅವರು ಕೋಲೆತ್ತಿದರು. ನಾನು ಬಾಗಿಲು ಹಾಕಿಕೊಂಡೆ.

ಆ ವಾರ ಮೇಲಿನ ಮನೆಯಲ್ಲಿ ನಡೆದದ್ದು ಒಂದು ಯುದ್ಧ. ಭಾವ ವಯರಿನ ತುದಿಯ ಪಿನ್ನು ಬದಲಿಸಿದರು. ವಯರನ್ನು ಪೂರ್ತಿ ಕಿತ್ತು ಹೊಸದು ಎಳೆದರು. ಹೊಸ ಬಲ್ಬುಗಳು ತೊಂದರೆ ಕೊಡುತ್ತವೆಂದು ದೀಪವೆಲ್ಲ ಆರಿಸಿ ಅಕ್ಕನನ್ನು ಕತ್ತಲಲ್ಲಿ ಕೂರಿಸಿದರು. ಫ್ರಿಜ್ ಬಂದ್ ಮಾಡಿ ಹಾಲು ಒಡೆಯುವಂತೆ ಮಾಡಿದರು. ಟೀವಿಗೆ ಚಾನೆಲ್ಲುಗಳನ್ನು ಮೊದಲಿನಿಂದ ಹುಡುಕಿಸಿದರು. ಆಂಟೆನಾ ಬೇರೆ ಕಡೆ ತಿರುಗಿದೆಯೇ ಎಂದು ಮಾಳಿಗೆಗೆ ಹೋಗಿ ನೋಡಿದರು. ಅದು ನೀರಿನ ಟ್ಯಾಂಕಿನ ಮೇಲಿನ ಹೊಸ ಟವರಿಗೆ ನೇರವಾಗಿಯೇ ಇತ್ತು. ಭಾವ ಹಾಸಿಗೆ ಹಿಡಿದಿದ್ದಾಗ ಬಂದ ಆ ಟವರಿನತ್ತ, ಕಂಬ ಇಳಿಸುವಾಗ ತಿರುಗಿಸಿ ಕಟ್ಟಿಸಿದವರೂ ಅವರೇ. ಮಾಳಿಗೆಯಲ್ಲಿ ನಿಂತರೆ ಟ್ಯಾಂಕಿನ ಮೇಲೆ ಕೂತ ಕಾಗೆಯೂ ಕಾಣಿಸುತ್ತದೆ, ಅಷ್ಟು ಹತ್ತಿರ.

ಕೂತು ನೋಡಿದರು, ನಿಂತು ನೋಡಿದರು. ಬೂಸ್ಟರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದರು. ಬಲ ಹೆಚ್ಚಿಸಿದಷ್ಟೂ ಚಿತ್ರ ಚೂರಾಯಿತು.

ಕೆಳಗೆ ನನಗೆ ಚಿತ್ರ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ವಾರ್ತೆಯವಳು ಬಿಕ್ಕಳಿಕೆ ಹಿಡಿದವಳಂತೆ ತುಂಡು ತುಂಡಾಗಿ ಮಾತಾಡುತ್ತಿದ್ದಳು. ಮಧ್ಯದಲ್ಲಿ ಒಂದು ಬೆಳಗ್ಗೆ ಮಾತ್ರ ಗಂಟಲು ಸರಿಯಾಯಿತು. ಬಚ್ಚಲಲ್ಲಿ ಅಕ್ಕ ದಪ್ಪ ಬಟ್ಟೆ ಕುಕ್ಕುವ ಸದ್ದು ನಿಂತು, ಮಾಳಿಗೆಯ ಮೆಟ್ಟಿಲಲ್ಲಿ ಬಕೆಟ್ಟಿನ ಹಿಡಿ ಕಿರ್ರೆಂದು, ಸ್ವಲ್ಪ ಹೊತ್ತಿಗೆ ಟೀವಿ ಸರಾಗವಾಗಿ ಮಾತಾಡತೊಡಗಿತು. ಭಾವ ಹೊಸ ವಯರನ್ನು ಹೊಗಳಿದ್ದೇ ಹೊಗಳಿದ್ದು. ಮಧ್ಯಾಹ್ನ ಕಳೆದು ಬಿಸಿಲು ಬಾಡುವ ಹೊತ್ತಿಗೆ ಬಿಕ್ಕಳಿಕೆ ಮತ್ತೆ ಶುರು. ಭಾವ ಅದೇ ವಯರನ್ನು ಬೈದದ್ದೇ ಬೈದದ್ದು.

ಭಾನುವಾರ ಒಳ್ಳೆಯ ಬಿಸಿಲು. ಅಕ್ಕ ಹಾಸಿಗೆಯ ದಪ್ಪ ಹೊದಿಕೆಗಳನ್ನೆಲ್ಲ ನೆನೆಹಾಕಿದಳು. “ಇವತ್ತೇ ಆಗಬೇಕಾ?” ಎಂದು ಮಗಳು ಗೊಣಗಿದಳು. “ಮೇಡಂ ಬರ್ತಾರೆ ಅಂತ ಸೂರ್ಯ ಕಾಯ್ತಾನಾ?” ಎಂದು ಅಕ್ಕ ಬಕೆಟ್ ಎತ್ತಿಕೊಂಡು ಮೇಲೆ ಹೋದಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೀವಿಯ ಮುಂದೆ ಪರೀಕ್ಷೆಗೆ ಕೂತವರಂತೆ ಕೂತಿದ್ದರು. ಮಾತಿಗೊಂದು ಆಸರೆಯಾಗಲೆಂದು ನನ್ನನ್ನೂ ಕರೆಸಿಕೊಂಡಿದ್ದರು.

ಮೇಡಂ ಬಂದರು. ಎತ್ತರದ ಹೆಂಗಸು, ಕಡಿಮೆ ಮಾತು, ಎಲ್ಲವನ್ನೂ ಎರಡು ಸಲ ನೋಡುವ ಕಣ್ಣು. ಮಗಳು ಕುರ್ಚಿ ಹಾಕಿದಳು. ಭಾವ ಟೀವಿಯ ಗುಂಡಿ ಒತ್ತಿದರು.

ಚಿತ್ರ ಕನ್ನಡಿಯ ಹಾಗೆ ಬಂತು. ಯಾವುದೋ ನದಿಯಲ್ಲಿ ದೋಣಿ ಹೋಗುತ್ತಿತ್ತು. ಅದರ ಹುಟ್ಟಿನಿಂದ ಬೀಳುವ ಹನಿ ಕೂಡ ಬೇರೆ ಬೇರೆಯಾಗಿ ಕಾಣುತ್ತಿತ್ತು.

ಭಾವನ ಎದೆ ಅಂಗಿಯ ಗುಂಡಿ ಬಿಚ್ಚುವಷ್ಟು ಉಬ್ಬಿತು. ಮಗಳು ನನ್ನ ಮುಖ ನೋಡಿದಳು, ನಾನು ಅವಳದನ್ನು.

“ಚೆನ್ನಾಗಿದೆಯಲ್ಲ” ಎಂದರು ಮೇಡಂ. “ನಮ್ಮಲ್ಲಿ ಇದರ ಅರ್ಧ ಬಂದ್ರೂ ಸಾಕು. ಆಂಟೆನಾ ಎಲ್ಲಿದೆ? ನೋಡಬಹುದಾ?”

“ಅದಕ್ಕೇನು, ಬನ್ನಿ!” ಎಂದು ಭಾವ ಕೋಲು ಹುಡುಕಿದರು. ಮಗಳು ಬಗ್ಗಿ ಅವರ ಕಿವಿಯಲ್ಲಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಅಪ್ಪ, ಅಮ್ಮ ಹೊದಿಕೆ ಎಲ್ಲ ಆಂಟೆನಾದ ಮೂತಿ ಮುಂದೇನೇ ಹಾಕಿದ್ದಾಳೆ.”

ಭಾವನ ಮುಖ ಸಣ್ಣಗಾಯಿತು. ಆಂಟೆನಾದವನ ಆಂಟೆನಾ ಒದ್ದೆ ಬಟ್ಟೆಯ ಹಿಂದೆ ಮುಸುಕು ಹಾಕಿ ನಿಂತಿರುವುದನ್ನು ಮೇಡಂ ನೋಡಿದರೆ ಇನ್ನೇನು ಉಳಿಯಿತು? “ಒಂದು ನಿಮಿಷ ಕೂತಿರಿ ಮೇಡಂ” ಎಂದು ಕಿಟಕಿಗೆ ಹೋಗಿ ಮಾಳಿಗೆಯತ್ತ ಕತ್ತೆತ್ತಿದರು.

“ಲೇ! ಆ ಹೊದಿಕೆ ತೆಗಿಯೇ!”

“ಈಗ ತಾನೇ ಹಾಕಿದ್ದೀನಿ! ನೀರು ಸೋರ್ತಾ ಇದೆ!”

“ತೆಗಿ ಅಂದ್ರೆ ತೆಗಿ!”

ಮೇಲೆ ಒದ್ದೆ ಬಟ್ಟೆ ದೊಪ್ಪನೆ ಬಕೆಟ್ಟಿಗೆ ಬಿತ್ತು. ಇಲ್ಲಿ ದೋಣಿ ನದಿಯ ಮಧ್ಯದಲ್ಲಿ ಚೂರು ಚೂರಾಯಿತು.

ಭಾವ ಟೀವಿ ನೋಡಿದರು. ಮೇಡಂ ಭಾವನನ್ನು ನೋಡಿದರು. ನನ್ನ ಕಿವಿಯಲ್ಲಿ ಆ ಬೆಳಗ್ಗೆಯ ಬಕೆಟ್ಟಿನ ಕಿರ್ರ್ ಸದ್ದು ಮತ್ತೆ ಕೇಳಿದಂತಾಯಿತು.

“ಭಾವ,” ಎಂದೆ, “ಹಿಂದಿನ ಸಲ ಅಕ್ಕ ಒಗೆದ ದಿನವೂ ಟೀವಿ ಸರಿಯಾಗಿ ಮಾತಾಡ್ತಿತ್ತು. ಬಟ್ಟೆ ಒಣಗಿದ ಮೇಲೆ ಕೆಟ್ಟಿತು.”

ಅವರು ನನ್ನತ್ತ ತಿರುಗಲಿಲ್ಲ. ಕಿಟಕಿಗೆ ಕೈ ಊರಿ ನಿಂತು, ಬೇರೆಯದೇ ದನಿಯಲ್ಲಿ ಕೂಗಿದರು.

“ಲೇ, ವಾಪಸ್ ಹಾಕು!”

“ಏನ್ರೀ ಆಟ ಇದು?”

“ಹಾಕೇ ಮಹಾತಾಯಿ!”

ಸ್ವಲ್ಪ ಹೊತ್ತಿಗೆ ದೋಣಿ ಕೂಡಿಕೊಂಡಿತು. “ಬಂತು!” ಎಂದರು ಭಾವ. “ಈಗ ತೆಗಿ! ಹೋಯ್ತು! ಮತ್ತೆ ಹಾಕು! ಬಂತು!”

ಮೇಲೆ ಅಕ್ಕ ಮಾಳಿಗೆಯ ಅಂಚಿಗೆ ಬಂದು ಬಗ್ಗಿದಳು. ತೋಳೆಲ್ಲ ನೀರು, ಮುಖ ಕೆಂಡ. “ಗೊತ್ತಾಯ್ತು ಬಿಡಿ! ಅವತ್ತಿನ ಸೇಡು ಇವತ್ತು ತೀರಿಸ್ಕೋತಿದ್ದೀರಾ! ಬಂದವರ ಮುಂದೆ!”

“ಇಲ್ಲ ಅಕ್ಕ, ನಿಜವಾಗ್ಲೂ ಹೋಗ್ತಿದೆ!” ಎಂದು ನಾನೂ ಕಿಟಕಿಗೆ ಬಂದು ಕೂಗಿದೆ.

“ನಿನ್ನ ಸಾಕ್ಷಿ ಬೇರೆ! ನಿನ್ನ ಕಾಲು ಆವತ್ತೇ ಮುರೀಬೇಕಿತ್ತು ನಾನು!”

ಭಾವ ಕುರ್ಚಿಯ ಮೇಲೆ ಕೂತರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಲೆ ಜಾಸ್ತಿಯಾಗಿದೆ ಮೇಡಂ. ಕಡಿಮೆಯಾಗಿದೆ, ಕಡಿಮೆಯಾಗಿದೆ ಅಂತ ವಾರವೆಲ್ಲ ಬಲ ತುಂಬಿಸ್ತಿದ್ದೀನಿ. ಆಗಿರೋದು ಜಾಸ್ತಿ. ಟವರ್ ಬೆಟ್ಟದಾಚೆ ಇದ್ದಾಗ ಕೂಗಿ ಕೂಗಿ ಮಾತಾಡಬೇಕಿತ್ತು. ಈಗ ಅದು ಪಕ್ಕದ ಬೀದಿಗೆ ಬಂದು ಕೂತಿದೆ, ನಾನು ಇನ್ನೂ ಟೀವಿ ಕಿವೀಲಿ ಅರಚ್ತಾ ಇದ್ದೀನಿ. ಯಾರಿಗೆ ಅರ್ಥವಾಗತ್ತೆ ಹೇಳಿ? ಒದ್ದೆ ಹೊದಿಕೆ ಅಡ್ಡ ಬಂದು ಸ್ವಲ್ಪ ತಡೀತು, ಟೀವಿಗೆ ಉಸಿರು ಬಂತು. ನೀರಿದ್ರೆ ತಡಿಯತ್ತೆ, ಒಣಗಿದ್ರೆ ತಡಿಯಲ್ಲ.” ಹಣೆ ಚಚ್ಚಿಕೊಂಡರು. “ನನ್ನ ಜನ್ಮದಲ್ಲಿ, ಟೀವಿಗೆ ಜಾಸ್ತಿ ಬರ್ತಿದೆ ಅಂತ ಒಬ್ಬರೂ ಕರೆದಿಲ್ಲ ಮೇಡಂ. ಅದಕ್ಕೇ ತಲೆಗೇ ಹೋಗ್ಲಿಲ್ಲ.”

ಅಕ್ಕನಿಗೆ ಹೊದಿಕೆ ಪೂರ್ತಿ ತೆಗೆಯಲು ಹೇಳಿ, ಟೀವಿಯನ್ನು ಮಗಳಿಂದ ಗೋಡೆಯಿಂದ ಈಚೆಗೆ ಎಳೆಸಿದರು. ಅಂಗಡಿಯ ಡಬ್ಬಿಯನ್ನು ಯೋಚಿಸದೆ ಕಿತ್ತರು. ಚೌಕಗಳು ಅರ್ಧಕ್ಕೆ ಇಳಿದವು. ಉಳಿದದ್ದು ಅವರೇ ಕಟ್ಟಿದ ತಗಡಿನ ಡಬ್ಬಿ. ಅದರ ಮೇಲೆ ಕೈ ಇಟ್ಟರು, ಕೀಳಲಿಲ್ಲ. ಮುಚ್ಚಳದ ಮೇಲಿನ ಬಿಸ್ಕತ್ತಿನ ಚಿತ್ರ ಸವೆದು ಹೋಗಿತ್ತು, ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

“ಅದೊಂದು ಇರಲಿ ಬಿಡಿ ಅಪ್ಪ, ಇಷ್ಟು ಸಾಕು” ಎಂದಳು ಮಗಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಆಸ್ಪತ್ರೆಯ ದಿನಗಳಾದ ಮೇಲೆ ಕೇಳಿರಲಿಲ್ಲ.

“ಡಿಜಿಟಲ್ಲಿಗೆ ಅರ್ಧಂಬರ್ಧ ಆಗಲ್ಲ ಕಂದಾ” ಎಂದು ಭಾವ ಅದನ್ನೂ ಕಿತ್ತು, ಆಂಟೆನಾದ ವಯರನ್ನು ನೇರವಾಗಿ ಟೀವಿಗೆ ಕೊಟ್ಟರು.

ನದಿ ಹರಿಯಿತು. ದೋಣಿ ಹೋಯಿತು. ಮಾಳಿಗೆಯ ಹಗ್ಗದ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ.

ಮೇಡಂ ಎದ್ದು ಬಂದು ತಗಡಿನ ಡಬ್ಬಿಯನ್ನು ಕೈಗೆತ್ತಿಕೊಂಡು, ಆಚೀಚೆ ತಿರುಗಿಸಿ, ಎರಡು ಸಲ ನೋಡಿದರು. “ಇಂಥದ್ದು ನಮ್ಮ ಪ್ರತಿ ರೂಮಿನಲ್ಲೂ ಇದೆ. ಟೀವಿ ಹಿಂದೆ.”

“ಯಾರು ಹಾಕಿದ್ದು?” ಎಂದು ಭಾವ ವೈದ್ಯರ ಗತ್ತಿನಲ್ಲಿ ಕೇಳಿದರು.

“ನೀವೇ.”

ಮಗಳು ನಗು ತಡೆಯಲು ಬಾಯಿಗೆ ಅಂಗೈ ಅಡ್ಡ ಹಿಡಿದಳು. ಭಾವ ಮಾತ್ರ ಕದಲಲಿಲ್ಲ. “ಹಾಗಾದ್ರೆ ನಾನೇ ತೆಗೀಬೇಕು. ಬೇರೆಯವರಿಗೆ ಅದರ ತಿರುಪು ಯಾವ ಕಡೆ ಬಿಚ್ಚತ್ತೆ ಅಂತ ಗೊತ್ತಾಗಲ್ಲ. ಆವತ್ತು ಟವರ್ ಬೆಟ್ಟದಾಚೆ ಇತ್ತು, ಡಬ್ಬಿ ಬೇಕಿತ್ತು. ಇವತ್ತು ಬೇಡ. ಎರಡೂ ನನ್ನ ಮಾತೇ.”

“ಏಣಿ?” ಎಂದರು ಮೇಡಂ, ಕೋಲಿನತ್ತ ನೋಡುತ್ತ.

“ಟೀವಿ ಬೆನ್ನು ನೋಡೋಕೆ ಸ್ಟೂಲು ಸಾಕು.”

“ನಾಳೆ ಬನ್ನಿ ಹಾಗಾದ್ರೆ. ಊಟದ ಹೊತ್ತಿಗೆ ಮುಂಚೆ ಬಂದ್ರೆ ಹುಡುಗಿಯರೂ ಇರ್ತಾರೆ, ಟೀವಿ ಎಳೆಯೋಕೆ ಸಹಾಯ ಆಗತ್ತೆ.” ಹೊರಡುವಾಗ ಬಾಗಿಲಲ್ಲಿ ನಿಂತು ಸೇರಿಸಿದರು, “ಹಾಸ್ಟೆಲಲ್ಲಿ ಬಟ್ಟೆ ಒಗೆಯೋದು ದಿನಾ ಇದೆ. ಅದಕ್ಕೇ ಒಂದೊಂದು ಸಲ ಬರ್ತಿತ್ತೇನೋ.” ಅವರು ನಕ್ಕದ್ದು ಆಗ ಮಾತ್ರ.

ಮಗಳು ಚೀಲದಿಂದ ಬೀಗದ ಕೈ ತೆಗೆದು ಭಾವನ ಮುಂದೆ ಹಿಡಿದಳು. “ಗುಜರಿಯವನಿಗೆ ಕೊಡೋದು ಬೇಡವಲ್ಲ?”

“ನಿನ್ನ ಹತ್ರಾನೇ ಇರಲಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ” ಎಂದರು. ಅವಳ ತಲೆ ನೇವರಿಸಿ, ತಗಡಿನ ಡಬ್ಬಿಯನ್ನು ಒರೆಸಿ, ಒಳಗೆ ತಿರುಪುಗಳನ್ನು ತುಂಬಿಸಿ, ನಾಳೆಯ ಚೀಲಕ್ಕೆ ಹಾಕಿಕೊಂಡರು.

ಮಾಳಿಗೆಯಿಂದ ಅಕ್ಕನ ದನಿ ಬಂತು. “ಆಯ್ತಾ ನಿಮ್ಮ ಪ್ರಯೋಗ? ಹಾಕಿ ತೆಗೆದು ಹಾಕಿ ತೆಗೆದು ಹೊದಿಕೆಯೆಲ್ಲ ಮಣ್ಣಾಗಿದೆ! ಯಾರಾದ್ರೂ ಮೇಲೆ ಬರ್ತೀರಾ?”

ನಾನು ಹತ್ತಿದೆ. ಭಾವ ಒಂದೊಂದೇ ಮೆಟ್ಟಿಲಿಗೆ ಕೋಲೂರಿ ನನ್ನ ಹಿಂದೆ ಬಂದು, ನೆರಳಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಅಕ್ಕ ಅವರ ಮಡಿಲಿಗೆ ಕ್ಲಿಪ್ಪುಗಳ ಬುಟ್ಟಿ ಇಟ್ಟಳು. ಹೊದಿಕೆಗಳನ್ನು ಇನ್ನೊಮ್ಮೆ ಜಾಲಾಡಿ, ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಎದುರುಬದುರು ತಿರುಚಿದೆವು. ನೀರು ದಪ್ಪ ಧಾರೆಯಾಗಿ ಸುರಿದು ಮಾಳಿಗೆಯ ಮೂಲೆಯ ತೂತಿನತ್ತ ಓಡಿತು.

“ಇಲ್ಲಿ ಹಾಕಲಾ, ಆ ಕಡೆ ಹಾಕಲಾ?” ಎಂದು ಅಕ್ಕ ಆಂಟೆನಾ ತೋರಿಸಿ ಕೇಳಿದಳು.

“ನಿನಗೆಲ್ಲಿ ಬಿಸಿಲು ಬೀಳತ್ತೋ ಅಲ್ಲಿ ಹಾಕು” ಎಂದು ಭಾವ ಒಂದು ಕ್ಲಿಪ್ಪು ಎತ್ತಿ ಕೊಟ್ಟರು.

ಅಕ್ಕ ಹೊದಿಕೆಯನ್ನು ಕೊಡವಿ ಹಗ್ಗದ ಮೇಲೆ ಎಸೆದಳು. ನಾನು ಅಂಚು ಎಳೆದು ಸುಕ್ಕು ಬಿಡಿಸಿದೆ.